ಮನೆ ನಿಮಗೆ, ಹಿತ್ತಲು ಅವರಿಗೆ

"ಮನೆ ನಿಮ್ಗೆ. ಹಿಂದ್ಗಡೆ ಮೂವತ್ತಡಿ ನಮಗಿರ್ಲಿ. ಮುಂದೆ ಮಗಳಿಗೆ ಒಂದು ಮನೆ ಕಟ್ಟಿಸ್ಬೇಕು."

ಮೈಸೂರಿನಲ್ಲಿ ನಮ್ಮ ಚಿಕ್ಕಪ್ಪ ನೋಡಿದ ಹಳೇ ಮನೆಯ ಯಜಮಾನರು ಕಾಫಿ ಲೋಟ ಕೆಳಗಿಡುತ್ತಾ ಹೇಳಿದ ಮಾತಿದು. ಸೈಟು 60x80. ಮನೆ ಮುಂದಿನ ಭಾಗದಲ್ಲಿದೆ, ಹಿಂದೆ ಹಿತ್ತಲು ಖಾಲಿ ಬಿದ್ದಿದೆ. ಪೂರ್ತಿ ಜಾಗ ಕೊಳ್ಳುವಷ್ಟು ದುಡ್ಡು ಚಿಕ್ಕಪ್ಪನ ಹತ್ತಿರವೂ ಇರಲಿಲ್ಲ. ಇಬ್ಬರಿಗೂ ಒಳ್ಳೆಯದೇ ಅಲ್ವಾ?

ಒಳ್ಳೆಯದೇ. ಆದರೆ ಮಾಮೂಲಿ ವ್ಯವಹಾರದಲ್ಲಿ ದುಡ್ಡು ಕೊಟ್ಟು ಬೀಗದ ಕೈ ಇಸ್ಕೊಂಡರೆ ಮಾರಿದವರ ಜೊತೆಗಿನ ಋಣ ಮುಗಿಯುತ್ತದೆ. ಇಲ್ಲಿ ಅವತ್ತಿನಿಂದ ಶುರುವಾಗುತ್ತದೆ. ಮಾರಿದವರೇ ನಿಮ್ಮ ನೆರೆಯವರು. ಅವರ ನಂತರ ಅವರ ಮಗಳು, ಇಲ್ಲವೇ ಅವರಿಂದ ಕೊಂಡ ಯಾರೋ ಮೂರನೆಯವರು. ಆ ಮೂರನೆಯವರಿಗೆ ಕಾಫಿ ಕುಡಿಯುತ್ತಾ ಆಡಿದ ಮಾತು ಗೊತ್ತಿರುವುದಿಲ್ಲ. ಅವರು ನೋಡುವುದು ಕ್ರಯಪತ್ರವನ್ನು ಮಾತ್ರ.

ಆ ವ್ಯವಹಾರಕ್ಕೆ ಟೇಪು ಹಿಡಿದು ಓಡಾಡಿದ್ದು ನಾನೇ. ಆಗ ಕಲಿತದ್ದು, ಆಮೇಲೆ ವಕೀಲರನ್ನು ಕೇಳಿ ತಿಳಿದದ್ದು ಇಲ್ಲಿ ಬರೆಯುತ್ತಿದ್ದೇನೆ.

ದಾರಿ ಯಾರದ್ದು?

ಮೊದಲು ಲೆಕ್ಕ. 60x80 ಅಂದರೆ 4,800 ಚದರಡಿ. ಹಿಂದೆ 30 ಅಡಿ ಅವರಿಗೆ, ಅಂದರೆ 1,800. ನಮಗೆ ಮುಂದಿನ 60x50, ಅಂದರೆ 3,000 ಚದರಡಿ. ಚದರಡಿಗೆ ಇಷ್ಟು ಅಂತ ರೇಟೂ ಮಾತಾಯಿತು.

ಆದರೆ ರಸ್ತೆ ಇರುವುದು ಮುಂದೆ ಮಾತ್ರ. ಹಿಂದಿನ ಜಾಗಕ್ಕೆ ಹೋಗುವುದು ಹೇಗೆ? "ಎಡಗಡೆ ಹತ್ತಡಿ ದಾರಿ ಇರುತ್ತಲ್ಲ" ಅಂದರು. ಸರಿ, 10x50, ಅಂದರೆ 500 ಚದರಡಿ. ಇದು ನಮ್ಮ 3,000ದ ಒಳಗಿದೆಯೋ ಹೊರಗಿದೆಯೋ? ಈ ಪ್ರಶ್ನೆ ಕೇಳಿದಾಗ ಎರಡೂ ಕಡೆಯವರು ಸುಮ್ಮನಾದರು. ಯಾರೂ ಅಷ್ಟು ಯೋಚನೆ ಮಾಡಿರಲಿಲ್ಲ. ಚದರಡಿಗೆ 5,000 ರೂಪಾಯಿ ಅಂತಿಟ್ಟುಕೊಂಡರೂ ಆ ಪಟ್ಟಿಯ ಬೆಲೆ 25 ಲಕ್ಷ. ಸುಮ್ನೆ ಬಿಡುವ ವಿಷಯ ಅಲ್ಲ.

ಇದಕ್ಕೆ ಮೂರು ದಾರಿಗಳಿವೆ. ಒಂದು, ಆ ಪಟ್ಟಿ ಮಾರುವವರ ಹತ್ತಿರವೇ ಉಳಿಯುವುದು. ಆಗ ಅವರ ಜಾಗ ಸಟ್ಟುಗದ ಆಕಾರಕ್ಕೆ ಬರುತ್ತದೆ: ಹಿಂದೆ ಅಗಲ, ಮುಂದೆ ಉದ್ದನೆಯ ಹಿಡಿ. ನಿಮಗೆ ಸಿಗುವುದು 50x50, ಅಂದರೆ 2,500. ದುಡ್ಡೂ ಅಷ್ಟಕ್ಕೇ. ಲೆಕ್ಕ ಚೊಕ್ಕ. ಆದರೆ ನಿಮ್ಮ ಮಲಗುವ ಕೋಣೆಯ ಕಿಟಕಿ ಬೇರೆಯವರ ಜಾಗಕ್ಕೆ ತೆರೆದುಕೊಳ್ಳುತ್ತದೆ, ಆ ಬದಿಯ ಸೆಟ್‌ಬ್ಯಾಕ್, ಅಂದರೆ ಗೋಡೆಯಿಂದ ಎಲ್ಲೆಯವರೆಗೆ ಖಾಲಿ ಬಿಡುವ ಜಾಗ, ಕಡಿಮೆಯಾಗುತ್ತದೆ.

ಎರಡು, ಪಟ್ಟಿ ನಿಮ್ಮದೇ, ಅವರಿಗೆ ಓಡಾಡುವ ಹಕ್ಕು ಮಾತ್ರ. ಜಾಗ ನಿಮ್ಮ ಹೆಸರಿನಲ್ಲಿರುತ್ತದೆ, ಕಂದಾಯ ನೀವೇ ಕಟ್ಟುತ್ತೀರಿ. ಆದರೆ ಅಲ್ಲಿ ಒಂದು ಇಟ್ಟಿಗೆ ಇಡುವ ಹಾಗಿಲ್ಲ, ಅಡ್ಡಲಾಗಿ ಕಾರೂ ನಿಲ್ಲಿಸುವ ಹಾಗಿಲ್ಲ. ಉಪಯೋಗಿಸಲು ಆಗದ ಜಾಗಕ್ಕೆ ಪೂರ್ತಿ ರೇಟು ಯಾಕೆ ಕೊಡಬೇಕು? ಇಲ್ಲಿ ಚೌಕಾಸಿ ಮಾಡಬೇಕು.

ಮೂರು, ಪಟ್ಟಿ ಇಬ್ಬರಿಗೂ ಜಂಟಿ. ಕೇಳಲು ನ್ಯಾಯವಾಗಿದೆ, ನನಗೆ ಮಾತ್ರ ಸ್ವಲ್ಪವೂ ಇಷ್ಟವಿಲ್ಲ. ಎಲ್ಲರದ್ದೂ ಆದ ಜಾಗದಲ್ಲಿ ಗಾಡಿ ಎಲ್ಲರೂ ನಿಲ್ಲಿಸುತ್ತಾರೆ, ಗುಂಡಿ ಬಿದ್ದರೆ ಯಾರೂ ಮುಚ್ಚಿಸುವುದಿಲ್ಲ.

ಯಾವುದು ವಾಸಿ? ಮಾರುವವರ ಮನಸ್ಸಿನಲ್ಲಿ ಏನಿದೆ ಎನ್ನುವುದರ ಮೇಲೆ ಹೋಗುತ್ತದೆ. ಹಿಂದೆ ಮನೆ ಕಟ್ಟಲು ಲೈಸೆನ್ಸ್ ಬೇಕು ಅಂದರೆ ಅವರು ರಸ್ತೆಯ ಸಂಪರ್ಕ ತೋರಿಸಬೇಕಾಗುತ್ತದೆ. ಅಂಥವರು ಮೊದಲನೆಯದನ್ನೇ ಹಿಡಿದು ಕೂರುತ್ತಾರೆ. ಕೈತೋಟ ಇಟ್ಟುಕೊಂಡು ಕಾಲ ಕಳೆಯುವವರಾದರೆ ಎರಡನೆಯದು ಸಾಕು.

ಓಡಾಡುವ ಹಕ್ಕು ಅಂತ ಬರೆದರೆ ಸಾಲದು. ನಡೆದು ಹೋಗಲು ಮಾತ್ರವೋ, ಕಾರೂ ಹೋಗಬಹುದೋ? ಅದರಡಿ ನೀರಿನ ಪೈಪು, ಕರೆಂಟಿನ ಕೇಬಲ್ ಎಳೆಯಬಹುದೋ? ಗೇಟಿಗೆ ಬೀಗ ಹಾಕಬಹುದೋ, ಹಾಕಿದರೆ ಕೀ ಯಾರ್ಯಾರ ಹತ್ತಿರ? ನಾಳೆ ಹಿಂದೆ ಕಟ್ಟಡ ಏಳುವಾಗ ಜಲ್ಲಿ, ಮರಳಿನ ಟಿಪ್ಪರ್ ಬರುವುದು ನಿಮ್ಮ ಮಲಗುವ ಕೋಣೆಯ ಪಕ್ಕದಲ್ಲೇ. ಆಗ ಕಾಂಪೌಂಡು ಬಿರುಕು ಬಿಟ್ಟರೆ ರಿಪೇರಿ ಖರ್ಚು ಯಾರದು? ಇದೆಲ್ಲಾ ಜಾಸ್ತಿ ಆಯ್ತು ಅನ್ನಿಸಬಹುದು. ಮುಂಗಡ ಕೊಡುವ ಮುಂಚೆ ಕೇಳಿದರೆ ಅರ್ಧ ಗಂಟೆಯ ಮಾತು.

ಇನ್ನೊಂದು ಭಯ ಎಲ್ಲರಿಗೂ ಇರುತ್ತದೆ. ಒಂದು ಮನೆಗೆ ಅಂತ ದಾರಿ ಬಿಟ್ಟರೆ, ನಾಳೆ ಅಲ್ಲಿ ಎಂಟು ಮನೆಯ ಅಪಾರ್ಟ್‌ಮೆಂಟ್ ಎದ್ದರೆ? ಬೇರೆಯವರ ಜಾಗದ ಮೇಲಿನ ಇಂಥ ಹಕ್ಕುಗಳಿಗೆಂದೇ ಇರುವ 1882ರ ಈಸ್‌ಮೆಂಟ್ಸ್ ಆಕ್ಟ್‌ನ 29ನೇ ಸೆಕ್ಷನ್ ಇದಕ್ಕೆ ತಡೆ ಹಾಕುತ್ತದೆ. ಹಕ್ಕು ಇರುವವರು ತಮ್ಮ ಜಾಗದಲ್ಲಿ ಏನೋ ಬದಲಾವಣೆ ಮಾಡಿಕೊಂಡು, ನಿಮ್ಮ ಜಾಗದ ಮೇಲಿನ ಹೊರೆಯನ್ನು ಗಣನೀಯವಾಗಿ ಹೆಚ್ಚಿಸುವ ಹಾಗಿಲ್ಲ. ಆದರೆ ಅದನ್ನು ಕೋರ್ಟಿನಲ್ಲಿ ಸಾಧಿಸಲು ವರ್ಷಗಳು ಹಿಡಿಯುತ್ತವೆ. "ಒಂದು ವಾಸದ ಮನೆಯ ಉಪಯೋಗಕ್ಕೆ" ಅಂತ ನಾಲ್ಕು ಪದ ಮೊದಲೇ ಸೇರಿಸಿದರೆ ವಾದವೇ ಬೇಡ.

ಗೆರೆ ಎಲ್ಲಿ ಬೀಳುತ್ತದೆ

ಕಾಗದದ ಮೇಲೆ 50 ಅಡಿ ಎನ್ನುವುದು ಬರೀ ಒಂದು ಸಂಖ್ಯೆ. ನಾವು ರಸ್ತೆ ಕಡೆಯ ಕಾಂಪೌಂಡಿನಿಂದ ಟೇಪು ಎಳೆದುಕೊಂಡು ಹೋದೆವು. 50 ಬಂದಾಗ ನಾನು ನಿಂತಿದ್ದದ್ದು ಅಡುಗೆ ಮನೆಯ ಹಿಂಗೋಡೆಯಿಂದ ಎರಡೇ ಅಡಿ ದೂರದಲ್ಲಿ. ಬಟ್ಟೆ ಒಗೆಯುವ ಕಲ್ಲು ಗೆರೆಯ ಆಚೆಗೆ ಹೋಗಿತ್ತು. ಚಿಕ್ಕಮ್ಮ ಆ ಕಲ್ಲನ್ನೇ ನೋಡುತ್ತಾ ನಿಂತರು, ಏನೂ ಅನ್ನಲಿಲ್ಲ.

ಇಲ್ಲಿ ಬಟ್ಟೆ ಕಲ್ಲಿಗಿಂತ ದೊಡ್ಡ ತೊಡಕಿದೆ. ಮನೆಗೆ ಪ್ಲಾನ್ ಮಂಜೂರಾಗಿದ್ದು 60x80 ಸೈಟಿಗೆ. ಸುತ್ತ ಎಷ್ಟು ಖಾಲಿ ಬಿಡಬೇಕು ಎನ್ನುವ ಲೆಕ್ಕ ಅಷ್ಟೂ ಜಾಗಕ್ಕೆ ಹಾಕಿದ್ದು. ಸೈಟು ಒಡೆದ ಕೂಡಲೇ ಎಲ್ಲೆಯೇ ಹತ್ತಿರ ಬರುತ್ತದೆ. ನಿನ್ನೆವರೆಗೆ ಸರಿಯಾಗಿದ್ದ ಮನೆ ಒಂದು ಇಟ್ಟಿಗೆಯೂ ಅಲುಗದೆ ಇವತ್ತು ನಿಯಮ ಮೀರಿದ ಮನೆಯಾಗಬಹುದು. ಮುಂದೆ ಮೇಲೊಂದು ಮಹಡಿ ಹಾಕಲು ಹೋದಾಗ ಇದು ಹೊರಗೆ ಬರುತ್ತದೆ. ಎಷ್ಟು ಕಟ್ಟಬಹುದು ಎನ್ನುವುದೂ ಜಾಗದ ಅಳತೆಯ ಮೇಲೇ ನಿಂತಿದೆ. ಜಾಗ ಕಡಿಮೆಯಾದರೆ ಅದೂ ಕಡಿಮೆ. ಒಬ್ಬ ಎಂಜಿನಿಯರ್‌ಗೆ ಹೊಸ ಅಳತೆ ಕೊಟ್ಟು, ಈ ಮನೆ ನಿಯಮದೊಳಗೆ ಕೂರುತ್ತದೆಯೇ ಅಂತ ಕೇಳಿ. ಅವರ ಫೀಸು ಕೊಟ್ಟಿದ್ದಕ್ಕೆ ಯಾವತ್ತೂ ಬೇಸರ ಆಗುವುದಿಲ್ಲ.

ನಮ್ಮ ಗೆರೆ ಕೊನೆಗೆ ಮೂರಡಿ ಹಿಂದೆ ಸರಿಯಿತು. 50 ಇದ್ದದ್ದು 53 ಆಯಿತು, ಅವರಿಗೆ 27 ಉಳಿಯಿತು. ಬಟ್ಟೆ ಕಲ್ಲು ನಮ್ಮ ಕಡೆ ಬಂತು.

ಬಕೆಟ್‌ನಲ್ಲಿ ನೀಲಿ

ಗೆರೆ ನೆಲದ ಮೇಲೆ. ನೆಲದ ಕೆಳಗೆ ಏನಿದೆ?

ಹಳೇ ಮನೆಗಳಲ್ಲಿ ಕಕ್ಕಸಿನ ಲೈನು ಸಾಮಾನ್ಯವಾಗಿ ಹಿತ್ತಲಿಗೇ ಹೋಗಿರುತ್ತದೆ. "ನಮ್ದು ಯುಜಿಡಿ (ನೆಲದಡಿಯ ಒಳಚರಂಡಿ) ಕನೆಕ್ಷನ್, ಮುಂದೆ ರಸ್ತೆಗೇ ಇದೆ" ಅಂತ ಯಜಮಾನರು ಹೇಳಿದ್ದರು. ಅವರು ಸುಳ್ಳು ಹೇಳಲಿಲ್ಲ, ಅವರಿಗೇ ಗೊತ್ತಿರಲಿಲ್ಲ. ನಮ್ಮ ಜೊತೆ ಬಂದ ಪ್ಲಂಬರ್ ಮಾತ್ರ ಹಿತ್ತಲಿನ ದಾಸವಾಳದ ಗಿಡದ ಬುಡದಲ್ಲಿ ಎಲೆ ಸರಿಸಿ, ಒಂದು ಸಿಮೆಂಟಿನ ಮುಚ್ಚಳ ಹುಡುಕಿದ. ಬಟ್ಟೆಗೆ ಹಾಕುವ ನೀಲಿಯನ್ನು ಒಂದು ಬಕೆಟ್ ನೀರಿಗೆ ಕಲಸಿ ಒಳಗಿನ ಕಕ್ಕಸಿಗೆ ಸುರಿದು ಬಾ ಅಂತ ನನ್ನನ್ನು ಕಳಿಸಿದ. ನಾನು ಸುರಿದು ಓಡಿ ಬರುವಷ್ಟರಲ್ಲಿ ಚೇಂಬರಿನ ತಳದಲ್ಲಿ ನೀಲಿ ನೀರು ಹರಿಯುತ್ತಿತ್ತು. ಮುಂದಿನ ಬಚ್ಚಲು ರಸ್ತೆಗೆ, ಹಿಂದಿನ ಕಕ್ಕಸು ಹಿತ್ತಲಿನ ಗುಂಡಿಗೆ. ಅಂದರೆ ನಾವು ಕೊಳ್ಳುವ ಮನೆಯ ಅರ್ಧ ಕೊಳಚೆ ನಾವು ಕೊಳ್ಳದ ಜಾಗಕ್ಕೆ ಹೋಗುತ್ತಿತ್ತು.

ಹೀಗೇ ಒಂದೊಂದನ್ನೂ ನೋಡಬೇಕು. ಬೋರ್‌ವೆಲ್ ಯಾರ ಜಾಗದಲ್ಲಿದೆ, ಮೋಟಾರಿನ ಕರೆಂಟು ಯಾರ ಮೀಟರಿನದು, ಸಂಪಿನ ಪೈಪು ಎಲ್ಲಿ ಹಾದುಹೋಗಿದೆ, ಮಳೆನೀರು ಯಾವ ಕಡೆ ಇಳಿಯುತ್ತದೆ. ಒಂದೇ ಬೋರ್‌ವೆಲ್ ಇಬ್ಬರೂ ಬಳಸುವುದಾದರೆ, ಅದು ಬತ್ತಿದ ದಿನ ಏನು ಎನ್ನುವುದನ್ನೂ ಬರೆದುಕೊಳ್ಳಿ.

ಏನೂ ಬರೆಯದಿದ್ದರೆ ಕಾನೂನು ಏನು ಕೊಡುತ್ತದೆ

ಪೂರ್ತಿ ಕೈ ಬಿಡುವುದಿಲ್ಲ. ಒಬ್ಬರ ಆಸ್ತಿ ಹೀಗೆ ಎರಡು ತುಂಡಾಗುವ ಸಂದರ್ಭಕ್ಕೇ ಈಸ್‌ಮೆಂಟ್ಸ್ ಆಕ್ಟ್‌ನ 13ನೇ ಸೆಕ್ಷನ್ ಇದೆ. ಅದರಲ್ಲಿ ಎರಡು ಬಗೆ.

ಮೊದಲನೆಯದು ಅನಿವಾರ್ಯತೆಯ ಹಕ್ಕು. ಮಾರಿದ ಜಾಗಕ್ಕಾಗಲಿ ಉಳಿಸಿಕೊಂಡ ಜಾಗಕ್ಕಾಗಲಿ ಬೇರೆ ದಾರಿಯೇ ಇಲ್ಲದಿದ್ದರೆ, ಪತ್ರದಲ್ಲಿ ಬರೆಯದಿದ್ದರೂ ಇನ್ನೊಂದು ತುಂಡಿನ ಮೇಲೆ ದಾರಿಯ ಹಕ್ಕು ಹುಟ್ಟುತ್ತದೆ. ಆದರೆ ಅನಿವಾರ್ಯ ಅಂದರೆ ಅನಿವಾರ್ಯವೇ ಆಗಿರಬೇಕು. "ಆ ಕಡೆಯಿಂದ ಸುತ್ತು ಬಳಸು ಆಗುತ್ತೆ" ಎನ್ನುವುದು ನಡೆಯದು. ನಾಳೆ ಹಿಂದೆ ಇನ್ನೊಂದು ರಸ್ತೆಯಾದರೆ 41ನೇ ಸೆಕ್ಷನ್ ಪ್ರಕಾರ ಈ ಹಕ್ಕು ಹೋಗಿಬಿಡುತ್ತದೆ. ಪತ್ರದಲ್ಲಿ ಬರೆದುಕೊಟ್ಟ ಹಕ್ಕು ಅಷ್ಟು ಸುಲಭವಾಗಿ ಹೋಗುವುದಿಲ್ಲ.

ಎರಡನೆಯದು, ಮಾರುವಾಗ ಹೇಗೆ ಅನುಭವಿಸುತ್ತಿದ್ದರೋ ಹಾಗೇ ಮುಂದುವರಿಯುವ ಹಕ್ಕು. ಇದಕ್ಕೆ ಎರಡು ಗುಣ ಇರಬೇಕು: ಗೊತ್ತಿರುವವರು ಹುಡುಕಿದರೆ ಕಣ್ಣಿಗೆ ಕಾಣಬೇಕು, ಮತ್ತು ಮನುಷ್ಯ ಏನೂ ಮಾಡದೆ ತಾನಾಗಿ ನಡೆಯುತ್ತಿರಬೇಕು. ಕಿಟಕಿಗೆ ಬರುವ ಬೆಳಕು ಹಾಗೆ ಬರುತ್ತದೆ. ಚರಂಡಿ ಲೈನು ಮಣ್ಣಿನೊಳಗಿದ್ದರೂ, ತಿಳಿದವರು ಪತ್ತೆ ಹಚ್ಚಬಹುದಾದರೆ ಅದು ಕಾಣುವಂಥದ್ದೇ ಅಂತ ಕಾಯ್ದೆಯ ಉದಾಹರಣೆಯೇ ಹೇಳುತ್ತದೆ. ನಮ್ಮ ದಾಸವಾಳದ ಬುಡದ ಮುಚ್ಚಳ ಅಂಥದ್ದೇ ಇರಬೇಕು. ಆದರೆ ನಡೆದಾಡುವ ದಾರಿ ಈ ಗುಂಪಿಗೆ ಸೇರುವುದಿಲ್ಲ. ದಾರಿ ತಾನಾಗಿ ನಡೆಯುವುದಿಲ್ಲ, ನಾವು ನಡೆಯಬೇಕು. ಹಿತ್ತಲ ಬಾಗಿಲಿನಿಂದ ಪಕ್ಕದ ಬೀದಿಗೆ ಹೋಗುವ ಕಾಲುದಾರಿ ಮನೆಯವರಿಗೆ ಮೂವತ್ತು ವರ್ಷದ ಅಭ್ಯಾಸವಾಗಿದ್ದರೂ, ಮುಂದೆ ರಸ್ತೆ ಇದ್ದ ಮೇಲೆ, ಬರೆಯದೆ ಅದು ನಿಮ್ಮದಾಗುವುದು ಕಷ್ಟ.

"ಇಪ್ಪತ್ತು ವರ್ಷ ಓಡಾಡಿದರೆ ನಮ್ದೇ ಆಗತ್ತಂತೆ" ಎನ್ನುವವರು ಎಲ್ಲ ಊರಲ್ಲೂ ಸಿಗುತ್ತಾರೆ. 20 ವರ್ಷದ ಮಾತು ನಿಜ. ಆದರೆ ಹಕ್ಕಿನಿಂದ ಓಡಾಡಿರಬೇಕು, ಬಹಿರಂಗವಾಗಿ, ತಡೆಯಿಲ್ಲದೆ. "ಪರವಾಗಿಲ್ಲ, ಹೋಗಿ ಬನ್ನಿ" ಅಂತ ಅವರು ಒಪ್ಪಿಗೆ ಕೊಟ್ಟಿದ್ದರೆ ಅದು ಬರೀ ಅನುಮತಿ. ಎಷ್ಟು ವರ್ಷವಾದರೂ ಅನುಮತಿ ಅನುಮತಿಯೇ, ಸಾಮಾನ್ಯವಾಗಿ ವಾಪಸ್ ತೆಗೆದುಕೊಳ್ಳಲೂ ಬರುತ್ತದೆ.

ಮೂಲಪತ್ರ ಯಾರ ಬೀರುವಿನಲ್ಲಿ?

ಇದನ್ನು ನಾನಂತೂ ಊಹಿಸಿರಲಿಲ್ಲ. ಪೂರ್ತಿ ದುಡ್ಡು ಕೊಟ್ಟ ಮೇಲೆ ಹಳೇ ಪತ್ರಗಳೆಲ್ಲ ನಮ್ಮ ಕೈಗೆ ಬರುತ್ತವೆ ಅಂದುಕೊಂಡಿದ್ದೆ. ಬರಬೇಕಾಗಿಲ್ಲ. ಆಸ್ತಿ ವರ್ಗಾವಣೆ ಕಾಯ್ದೆಯ 55ನೇ ಸೆಕ್ಷನ್ ಪ್ರಕಾರ, ಆ ಪತ್ರಗಳಲ್ಲಿರುವ ಆಸ್ತಿಯ ಸ್ವಲ್ಪ ಭಾಗವನ್ನು ಮಾರುವವರು ಉಳಿಸಿಕೊಂಡರೂ ಸಾಕು, ಎಲ್ಲಾ ಮೂಲಪತ್ರಗಳನ್ನೂ ತಾವೇ ಇಟ್ಟುಕೊಳ್ಳಬಹುದು. ಬದಲಿಗೆ ಅವರ ಮೇಲೆ ಒಂದು ಹೊಣೆ ಬೀಳುತ್ತದೆ. ನೀವು ಸಕಾರಣವಾಗಿ ಕೇಳಿದಾಗಲೆಲ್ಲ, ನಿಮ್ಮ ಖರ್ಚಿನಲ್ಲಿ, ಪತ್ರ ಹಾಜರುಪಡಿಸಬೇಕು, ನಕಲು ಕೊಡಬೇಕು. ಬೆಂಕಿಯಂಥ ತಪ್ಪಿಸಲಾಗದ ಅನಾಹುತ ಆಗದ ಹೊರತು ಅವನ್ನು ಹಾಳಾಗದಂತೆ ಕಾಪಾಡಬೇಕು.

ಕಾಯ್ದೆಗೆ ಇದು ಸಾಕು. ಬ್ಯಾಂಕಿಗೆ ಸಾಲದು. ಗೃಹಸಾಲಕ್ಕೆ ಹೋದಾಗ "ಮದರ್ ಡೀಡ್ ಒರಿಜಿನಲ್ ತನ್ನಿ" ಅಂತಾರೆ. ನಿಮ್ಮ ಹತ್ತಿರ ಇರುವುದು ದೃಢೀಕೃತ ನಕಲು. ಕೆಲವು ಬ್ಯಾಂಕುಗಳು ಅವರ ವಕೀಲರ ಅಭಿಪ್ರಾಯ ನೋಡಿ ಒಪ್ಪುತ್ತವೆ, ಕೆಲವು ಇಲ್ಲ. ಆದ್ದರಿಂದ ಮುಂಗಡ ಕೊಡುವ ಮುಂಚೆಯೇ ಬ್ಯಾಂಕಿನಲ್ಲಿ ಕೇಳಬೇಕು. ಮೂಲಪತ್ರ ನಿಮ್ಮ ಹತ್ತಿರವೇ ಇರಲಿ, ಮಾರುವವರಿಗೆ ನಕಲು ಸಾಕು ಅಂತ ಇಬ್ಬರೂ ಒಪ್ಪಿ ಬರೆದುಕೊಳ್ಳಲೂ ಬರುತ್ತದೆ. ಚಿಕ್ಕಪ್ಪನ ವ್ಯವಹಾರದಲ್ಲಿ ಹಾಗೇ ಮಾಡಿದೆವು. ಅದಕ್ಕೆ ಒಪ್ಪಿಸಲು ಇನ್ನೆರಡು ಸಲ ಕಾಫಿ ಕುಡಿಯಬೇಕಾಯಿತು.

ಮಾರುವವರಿಗೇ ಆ ಜಾಗದ ಮೇಲೆ ಸಾಲವಿದ್ದರೆ ಇನ್ನೂ ಹುಷಾರು. ಅಡಮಾನ ಇರುವುದು 4,800 ಚದರಡಿಗೂ. ನಿಮ್ಮ ತುಂಡನ್ನು ಬಿಡುಗಡೆ ಮಾಡಿದ್ದೇವೆ ಅಂತ ಬ್ಯಾಂಕು ಬರೆದುಕೊಟ್ಟು, ಅದು ಇಸಿಯಲ್ಲೂ (ಆಸ್ತಿಯ ಮೇಲಿನ ಋಣಭಾರ ತೋರಿಸುವ ಪತ್ರ) ಕಾಣಬೇಕು. ಪಿತ್ರಾರ್ಜಿತ ಆಸ್ತಿಯಾದರೆ ಗಂಡುಮಕ್ಕಳ ಜೊತೆ ಹೆಣ್ಣುಮಕ್ಕಳ ಸಹಿಯೂ ಬೇಕೇ ಎಂದು ವಕೀಲರನ್ನು ಕೇಳಿ. "ಅವಳ ಪಾಲು ಹಿಂದಿನ ಜಾಗದಲ್ಲಿ ಕೊಡ್ತೀವಿ" ಎನ್ನುವುದು ಅವರ ಮನೆ ಮಾತು, ಅದರಿಂದ ನಿಮಗೆ ರಕ್ಷಣೆ ಇಲ್ಲ.

ಒಡೆಯುವುದು ಮೊದಲು, ಮಾರುವುದು ಆಮೇಲೆ

ಕೆಲವರು ಒಂದೇ ಖಾತೆಯ ಅರ್ಧವನ್ನು ಮಾರಿ, ಖಾತಾ ಆಮೇಲೆ ಮಾಡಿಸಿಕೊಳ್ಳೋಣ ಎನ್ನುತ್ತಾರೆ. ಬೇಡ. ಈಗ ಇ-ಖಾತಾ (ಕಂಪ್ಯೂಟರಿನಲ್ಲಿರುವ ಆಸ್ತಿ ಖಾತೆ) ಇಲ್ಲದೆ ನೋಂದಣಿಯೇ ಮುಂದಕ್ಕೆ ಹೋಗದು, ಪೂರ್ತಿ ಸೈಟಿನ ಇ-ಖಾತಾ ಇಟ್ಟುಕೊಂಡು ತುಂಡು ಮಾರಲು ಹೊರಟರೆ ತೊಡಕು ಗ್ಯಾರಂಟಿ. ನಿವೇಶನ ಒಡೆಯಲು ಯೋಜನಾ ಪ್ರಾಧಿಕಾರದ ಮಂಜೂರಾತಿ ಬೇಕು ಅಂತ 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ 17ನೇ ಸೆಕ್ಷನ್ ಹೇಳುತ್ತದೆ. ಅದಾಗಿ, ಮಾರುವವರ ಹೆಸರಿನಲ್ಲೇ ಎರಡು ಖಾತೆಯಾಗಲಿ. ಆಮೇಲೆ ಒಂದನ್ನು ನೀವು ಕೊಳ್ಳಿ. ಹಳ್ಳಿಯಲ್ಲಿ ಪಹಣಿ ಇರುವ ಜಮೀನಿನ ತೋಟದ ಮನೆಯಾದರೆ ಆಟವೇ ಬೇರೆ. ಸರ್ವೆ ನಂಬರಿನ ಒಂದು ಭಾಗ ಮಾರಲು ಆ ಭಾಗವನ್ನು ಗುರುತಿಸುವ 11ಇ ನಕ್ಷೆ ಬೇಕು. ಸರ್ವೇಯರ್ ಬಂದು ಅಳೆದು ಗುರುತು ಹಾಕುವವರೆಗೆ ತಾಳ್ಮೆ ಇರಲಿ.

ಇನ್ನು ಚಕ್ಕುಬಂದಿ, ಅಂದರೆ ನಾಲ್ಕೂ ಕಡೆಯ ಎಲ್ಲೆ. ಪತ್ರ ಬರೆಯುವವರು ಹಳೇ ಪತ್ರದಿಂದ ಆಸ್ತಿಯ ವಿವರ ಇರುವ ಷೆಡ್ಯೂಲನ್ನು ಹಾಗೇ ಎತ್ತಿ ಹಾಕುವುದುಂಟು. ಹಳೇ ಪತ್ರದಲ್ಲಿ ಹಿಂದಿನ ಎಲ್ಲೆ ಅಂದರೆ ಆಚೆ ಬೀದಿಯವರ ಸೈಟು. ಈಗ ಅದು "ಮಾರುವವರು ಉಳಿಸಿಕೊಂಡ ಜಾಗ" ಆಗಬೇಕು. ಅಳತೆ ಹೊಸದು, ಎಲ್ಲೆ ಹಳೇದು ಅಂತಾದರೆ ಪತ್ರ ತನ್ನಷ್ಟಕ್ಕೇ ಜಗಳ ಆಡುತ್ತದೆ. ಅಳತೆಗೂ ಚಕ್ಕುಬಂದಿಗೂ ಹೊಂದದಿದ್ದಾಗ ಕೋರ್ಟುಗಳು ಸಾಮಾನ್ಯವಾಗಿ ಚಕ್ಕುಬಂದಿಗೆ ಬೆಲೆ ಕೊಡುತ್ತವೆ. ನಮ್ಮ ಕರಡಿನಲ್ಲೂ ಇದೇ ತಪ್ಪಿತ್ತು. ಹಾಗೇ ಹೋಗಿದ್ದರೆ ಇಡೀ ಹಿತ್ತಲೂ ನಮ್ಮದೇ ಅಂತ ವಾದಿಸಬಹುದಿತ್ತು! ಚಿಕ್ಕಪ್ಪ ನಕ್ಕು, ತಿದ್ದಿಸಿದರು. ಮೂರು ಷೆಡ್ಯೂಲ್ ಹಾಕಿಸಿದೆವು: ಪೂರ್ತಿ ಸೈಟು, ನಾವು ಕೊಂಡದ್ದು, ದಾರಿಯ ಪಟ್ಟಿ. ಜೊತೆಗೆ ಬಣ್ಣ ಹಚ್ಚಿದ ನಕ್ಷೆ, ಅದಕ್ಕೂ ಎಲ್ಲರ ಸಹಿ.

ಮಾರುವವರು ಕೆಲವೊಮ್ಮೆ ಷರತ್ತು ಹಾಕುತ್ತಾರೆ. ಎರಡು ಮಹಡಿಗಿಂತ ಮೇಲೆ ಕಟ್ಟಬಾರದು, ನಮ್ಮ ಕಡೆ ಕಿಟಕಿ ಇಡಬಾರದು, ಹೀಗೆ. "ಮಾರಿದ ಮೇಲೆ ಇವರ್ಯಾರು ಕೇಳೋಕೆ" ಅಂತ ಸಹಿ ಹಾಕಬೇಡಿ. ಮಾರಿದ ಆಸ್ತಿಯನ್ನು ಹೇಗೆ ಅನುಭವಿಸಬೇಕು ಎಂಬ ಷರತ್ತು ಸಾಮಾನ್ಯವಾಗಿ ನಿಲ್ಲುವುದಿಲ್ಲ, ನಿಜ. ಆದರೆ ಉಳಿಸಿಕೊಂಡ ಇನ್ನೊಂದು ಜಾಗದ ಒಳಿತಿಗಾಗಿ ಹಾಕಿದ ಷರತ್ತಿಗೆ ಆಸ್ತಿ ವರ್ಗಾವಣೆ ಕಾಯ್ದೆಯ 11ನೇ ಸೆಕ್ಷನ್ ವಿನಾಯಿತಿ ಕೊಟ್ಟಿದೆ. ನೀವೂ ಸುಮ್ಮನಿರಬೇಡಿ. ಅವರು ಹಿಂದಿನ ಜಾಗ ಮಾರುವ ದಿನ ಮೊದಲು ನಿಮ್ಮನ್ನು ಕೇಳಬೇಕು ಅಂತ ಬರೆಸಿ.

ದಕ್ಷಿಣ ಕನ್ನಡ, ಉಡುಪಿ ಕಡೆ ಇದಕ್ಕೊಂದು ಬೇರೆಯೇ ರೂಪ ಇದೆ. ಮನೆ, ತೋಟ ಎಲ್ಲಾ ಮಾರುತ್ತಾರೆ, ನಾಗಬನ ಇರುವ ಒಂದೆರಡು ಸೆಂಟ್ಸ್ ಮಾತ್ರ ಕುಟುಂಬಕ್ಕೆ ಉಳಿಸಿಕೊಳ್ಳುತ್ತಾರೆ. ಒಂದು ಸೆಂಟ್ಸ್ ಅಂದರೆ 435.6 ಚದರಡಿ, ಲೆಕ್ಕಕ್ಕೆ ಏನೂ ಅಲ್ಲ. ಆದರೆ ನಾಗರಪಂಚಮಿಗೆ, ತಂಬಿಲದ ಪೂಜೆಗೆ ಇಡೀ ಕುಟುಂಬ ನಿಮ್ಮ ಅಂಗಳ ದಾಟಿಯೇ ಬರಬೇಕು. ದಾರಿ ಯಾವುದು, ಯಾವ ದಿನಗಳಿಗೆ, ಸುತ್ತಲಿನ ಮರ ಕಡಿಯಬಹುದೇ ಎನ್ನುವುದೆಲ್ಲ ಅಲ್ಲೂ ಪತ್ರಕ್ಕೆ ಬರಬೇಕು. ಬನದ ವಿಷಯ, ಯಾರೂ ತಕರಾರು ಮಾಡಲ್ಲ ಅಂತ ಬಿಟ್ಟರೆ ಮುಂದಿನ ತಲೆಮಾರಿಗೆ ತಲೆನೋವು.

ನಮ್ಮ ವ್ಯವಹಾರ ಮುಗಿಯುವ ಹೊತ್ತಿಗೆ ದಾರಿಯ ಪಟ್ಟಿ 10x53 ಆಗಿತ್ತು, ಮಾಲೀಕತ್ವ ನಮ್ಮದು, ಬೆಲೆ ಅರ್ಧ. ಹಿಂದಿನ ಕಕ್ಕಸಿನ ಲೈನನ್ನು ಅವರ ಖರ್ಚಿನಲ್ಲೇ ರಸ್ತೆಗೆ ತಿರುಗಿಸಿಕೊಟ್ಟರು. ಎಲ್ಲೆಗೆ ನಾಲ್ಕು ಕಲ್ಲು ನೆಟ್ಟು ಸುಣ್ಣ ಬಳಿದೆವು. ಕೊನೆಗೆ ಒಂದು ತೆಂಗಿನ ಮರ ಉಳಿಯಿತು. ಗೆರೆ ಮೂರಡಿ ಸರಿದಿದ್ದರಿಂದ ಅದು ಸರಿಯಾಗಿ ಗೆರೆಯ ಮೇಲೇ ಬಂದು ನಿಂತಿತ್ತು. ಯಜಮಾನರ ಹೆಂಡತಿ ನೆಟ್ಟ ಮರ. ಬಿಡಲು ಅವರಿಗೆ ಮನಸ್ಸಿಲ್ಲ, ಕಡಿಸಲು ನಮಗೆ ಮನಸ್ಸಿಲ್ಲ. "ಮರ ಇರುವವರೆಗೆ ಕಾಯಿ ಅರ್ಧ ಅರ್ಧ, ಕೀಳಿಸುವ ಕೂಲಿಯೂ ಅರ್ಧ ಅರ್ಧ" ಅಂತ ಬರೆಯಲು ಹೇಳಿದೆವು. ಪತ್ರ ಬರೆಯುವವರು ಕನ್ನಡಕ ತೆಗೆದು ನಮ್ಮನ್ನೆಲ್ಲ ಒಮ್ಮೆ ನೋಡಿದರು. ಆಮೇಲೆ ಬರೆದರು, ಹತ್ತೊಂಬತ್ತನೇ ಷರತ್ತು.